‘ಅಬ್ಸರ್ವಂಟ್’ ಎಂಬ ಇಂಗ್ಲಿಷ್ ವಿಶೇಷಣ: ಅರ್ಥ ತಿಳಿದು ಬಳಸುವ ಬಗೆ

ಇಂಗ್ಲಿಷಿನ ‘ಅಬ್ಸರ್ವಂಟ್’ ಎಂಬ ವಿಶೇಷಣಕ್ಕೆ ಎರಡು ಅರ್ಥಗಳಿವೆ. ಸುತ್ತಲಿನ ಸಣ್ಣಪುಟ್ಟ ಸಂಗತಿಗಳನ್ನೂ ಬಿಡದೆ ಗಮನಿಸುವ ಸ್ವಭಾವ ಒಂದು. ಧರ್ಮದ, ಕಾನೂನಿನ ಅಥವಾ ಸಂಪ್ರದಾಯದ ಕಟ್ಟಳೆಗಳನ್ನು ತಪ್ಪದೆ ಪಾಲಿಸುವ ನಡತೆ ಇನ್ನೊಂದು. ಗದಗ, ಹಾವೇರಿ ಮತ್ತು ಸುತ್ತಲಿನ ಜಿಲ್ಲೆಗಳ ಹಳ್ಳಿಗಳಿಂದ ಬಂದು ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಕನ್ನಡ ಮಾಧ್ಯಮದ ಅಭ್ಯರ್ಥಿಗಳು ಈ ಪದವನ್ನು ಸಾಮಾನ್ಯವಾಗಿ ಸಮಾನಾರ್ಥಕ ಪದಗಳ ಪಟ್ಟಿಯಲ್ಲಿ ಮೊದಲ ಬಾರಿಗೆ ಕಾಣುತ್ತಾರೆ. ಅಲ್ಲಿ ‘ವಾಚ್‌ಫುಲ್’, ‘ವಿಜಿಲಂಟ್’, ‘ಅಲರ್ಟ್’, ‘ಅಟೆಂಟಿವ್’, ‘ಪರ್ಸೆಪ್ಟಿವ್’ ಎಂಬ ಪದಗಳೂ ಇದರೊಡನೆ ಒಂದೇ ಸಾಲಿನಲ್ಲಿ ಇರುತ್ತವೆ. ಪಟ್ಟಿಯನ್ನು ಬಾಯಿಪಾಠ ಮಾಡಿದವರು ನಾಲ್ಕು ಆಯ್ಕೆಗಳ ಪ್ರಶ್ನೆಗೆ ಸರಿಯಾದ ಗುರುತು ಹಾಕಬಲ್ಲರು. ಆದರೆ ಪ್ರಬಂಧದಲ್ಲಿ ಒಂದು ವಾಕ್ಯ ಕಟ್ಟುವಾಗ ಅಥವಾ ಸಂದರ್ಶನದಲ್ಲಿ ಬಾಯಿ ಬಿಟ್ಟು ಹೇಳುವಾಗ ಆ ಪಟ್ಟಿಯಿಂದ ಪ್ರಯೋಜನವಾಗುವುದಿಲ್ಲ. ಈ ಬರಹ ಇರುವುದು ವಾಕ್ಯ ಕಟ್ಟುವವರಿಗಾಗಿ.

ಕ್ರಿಯೆಯಲ್ಲ, ಸ್ವಭಾವ

ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು, ಈ ವಿಶೇಷಣವು ಈ ಕ್ಷಣದಲ್ಲಿ ನಡೆಯುತ್ತಿರುವ ನೋಟವನ್ನು ಹೇಳುವುದಿಲ್ಲ, ನೋಡುವವರ ಗುಣವನ್ನು ಹೇಳುತ್ತದೆ ಎಂಬುದು. ‘ಹಿ ಈಸ್ ಅಬ್ಸರ್ವಿಂಗ್ ದ ಬರ್ಡ್ಸ್’ ಎಂದರೆ ಅವನು ಈಗ ಹಕ್ಕಿಗಳನ್ನು ನೋಡುತ್ತಿದ್ದಾನೆ ಎಂದಷ್ಟೇ ಅರ್ಥ. ಅವನ ಕಣ್ಣಿಗೆ ಏನಾದರೂ ಬಿತ್ತೋ ಇಲ್ಲವೋ ಎಂಬುದು ಆ ವಾಕ್ಯದಿಂದ ತಿಳಿಯುವುದಿಲ್ಲ. ‘ಹಿ ಈಸ್ ಅಬ್ಸರ್ವಂಟ್’ ಎಂದರೆ ಅವನು ಸದ್ಯ ಏನನ್ನೂ ನೋಡುತ್ತಿರಬೇಕಾಗಿಲ್ಲ, ಮಲಗಿಯೂ ಇರಬಹುದು. ಎಚ್ಚರವಾಗಿ ಓಡಾಡುವ ಹೊತ್ತಿನಲ್ಲಿ ಇತರರಿಗೆ ಕಾಣದ ವಿವರಗಳು ಅವನಿಗೆ ಕಾಣುತ್ತವೆ ಎಂಬುದು ಇಲ್ಲಿ ಹೇಳುತ್ತಿರುವ ಮಾತು. ಗಂಟೆಗಟ್ಟಲೆ ಒಂದೇ ಕಡೆ ನೋಡುತ್ತ ಕುಳಿತವರೂ ‘ಅಬ್ಸರ್ವಂಟ್’ ಅಲ್ಲದಿರಬಹುದು, ಬಸ್ಸಿನ ಕಿಟಕಿಯಿಂದ ಅರೆಗಳಿಗೆ ಕಣ್ಣು ಹಾಯಿಸಿದವರೂ ‘ಅಬ್ಸರ್ವಂಟ್’ ಆಗಿರಬಹುದು.

ನಮ್ಮ ಕಡೆಯ ಮಾತಿನಲ್ಲಿ ಇದಕ್ಕೆ ತೀರ ಹತ್ತಿರವಾದದ್ದು ‘ನದರು’. ‘ಆಕೀ ನದರ ಭಾಳ ಚುರುಕ ಐತಿ’ ಎಂದೋ ‘ಆಕೀ ಕಣ್ಣ ತಪ್ಪಿಸಿ ಏನೂ ಹೋಗಂಗಿಲ್ಲ’ ಎಂದೋ ಹುಬ್ಬಳ್ಳಿ-ಧಾರವಾಡದಲ್ಲಿ ಹೇಳಿದರೆ, ಅದನ್ನು ಇಂಗ್ಲಿಷಿನಲ್ಲಿ ‘ಶೀ ಈಸ್ ವೆರಿ ಅಬ್ಸರ್ವಂಟ್’ ಎಂದು ಧಾರಾಳವಾಗಿ ಬರೆಯಬಹುದು. ‘ಶಾಣ್ಯಾ’ ಎಂಬುದನ್ನು ಮಾತ್ರ ಇದಕ್ಕೆ ಸಮನಾಗಿ ಹಿಡಿಯಬಾರದು. ಶಾಣ್ಯಾತನ ಬುದ್ಧಿಗೆ ಸಂಬಂಧಿಸಿದ್ದು, ಈ ವಿಶೇಷಣ ಕಣ್ಣಿಗೂ ಗಮನಕ್ಕೂ ಸಂಬಂಧಿಸಿದ್ದು. ಲೆಕ್ಕದಲ್ಲಿ ಮುಂದಿರುವ ಹುಡುಗನೊಬ್ಬ ಮನೆಯ ಗೋಡೆಯ ಬಣ್ಣ ಬದಲಾದದ್ದನ್ನು ವಾರವಾದರೂ ಗಮನಿಸದೆ ಇರಬಹುದು, ಹಾಗೆ ಇರುವವನನ್ನು ಇಂಗ್ಲಿಷಿನಲ್ಲಿ ‘ಇಂಟೆಲಿಜೆಂಟ್ ಬಟ್ ನಾಟ್ ವೆರಿ ಅಬ್ಸರ್ವಂಟ್’ ಎನ್ನುತ್ತಾರೆ.

ಕನ್ನಡಕ್ಕೆ ತರುವಾಗ ‘ಗಮನಶೀಲ’, ‘ಅವಲೋಕನಶೀಲ’ ಎಂಬ ಪದಗಳನ್ನು ಬಳಸುವುದುಂಟು. ಅವು ತಪ್ಪಲ್ಲವಾದರೂ ಯಾರ ಬಾಯಲ್ಲೂ ಬರದ ಪದಗಳು. ಒಂದು ವಿಶೇಷಣಕ್ಕೆ ಒಂದೇ ವಿಶೇಷಣವನ್ನು ಹುಡುಕುವ ಬದಲು ‘ಸಣ್ಣದನ್ನೂ ಬಿಡದೆ ನೋಡುವ’, ‘ಸೂಕ್ಷ್ಮವಾಗಿ ಗಮನಿಸುವ’ ಎಂದು ಬಿಡಿಸಿ ಹೇಳುವುದು ಲೇಸೆಂದು ನನ್ನ ಅಭಿಪ್ರಾಯ. ಅನುವಾದದ ಪತ್ರಿಕೆಯಲ್ಲಿ ಹೀಗೆ ಬರೆದರೆ ಓದುವವರಿಗೆ ಅರ್ಥವೂ ನೇರವಾಗಿ ಮುಟ್ಟುತ್ತದೆ.

ಎರಡು ಅರ್ಥಗಳು ಒಂದೇ ಪದಕ್ಕೆ ಬಂದದ್ದು

ಗಮನಿಸುವುದಕ್ಕೂ ಪಾಲಿಸುವುದಕ್ಕೂ ಏನು ಸಂಬಂಧ ಎಂದು ಕೇಳಿದರೆ ಉತ್ತರ ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿನ ‘ಅಬ್ಸರ್ವಾರೆ’ ಎಂಬ ಕ್ರಿಯಾಪದವು ‘ಸರ್ವಾರೆ’ ಎಂಬುದರಿಂದ ಆದದ್ದು. ‘ಸರ್ವಾರೆ’ ಎಂದರೆ ಕಾಪಾಡು, ಉಳಿಸಿಕೊಳ್ಳು; ಮುಂದೆ ‘ಅಬ್’ ಸೇರಿದಾಗ ಒಂದರ ಮೇಲೆ ಕಣ್ಣಿಟ್ಟು ಕಾಯು ಎಂಬ ಅರ್ಥ ಬಂತು. ಪದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು, ಅಲ್ಲಿ ಎರಡೂ ಅರ್ಥಗಳು ಅದಕ್ಕೆ ಉಳಿದವು. ಕನ್ನಡದ ‘ಕಾಯು’ ಎಂಬ ಕ್ರಿಯಾಪದವನ್ನು ನೆನೆದರೆ ಇದು ಸುಲಭವಾಗಿ ಹೊಳೆಯುತ್ತದೆ. ತೆನೆ ಕಟ್ಟಿದ ಜೋಳದ ಹೊಲವನ್ನು ಅಟ್ಟದ ಮೇಲೆ ಕುಳಿತು ಕಾಯುವವರು ಹಕ್ಕಿ ಬಂತೋ ಎಂದು ನೋಡುತ್ತಲೂ ಇರುತ್ತಾರೆ, ಬೆಳೆಯನ್ನು ಉಳಿಸುತ್ತಲೂ ಇರುತ್ತಾರೆ. ನೋಡುವುದು ನಿಂತರೆ ಉಳಿಸುವುದೂ ನಿಂತಂತೆ. ಹೊಲದ ಜಾಗದಲ್ಲಿ ನೇಮವನ್ನೋ ಕಟ್ಟಳೆಯನ್ನೋ ಇಟ್ಟು ನೋಡಿದರೆ ‘ಅಬ್ಸರ್ವಂಟ್’ ಪದದ ಎರಡನೆಯ ಅರ್ಥ ತಾನಾಗಿ ಬರುತ್ತದೆ.

ಕ್ರೈಸ್ತ ಸಂನ್ಯಾಸಿಗಳ ಫ್ರಾನ್ಸಿಸ್ಕನ್ ಪಂಥದಲ್ಲಿ ಮೂಲನಿಯಮಗಳನ್ನು ಸಡಿಲಿಸದೆ ಪಾಲಿಸಬೇಕೆಂದವರಿಗೆ ‘ಅಬ್ಸರ್ವಂಟ್ಸ್’ ಎಂದೇ ಹೆಸರಿತ್ತು, ಮತ್ತು 1517ರಲ್ಲಿ ಪೋಪ್ ಹತ್ತನೆಯ ಲಿಯೊ ಅವರನ್ನು ಪ್ರತ್ಯೇಕ ಶಾಖೆಯಾಗಿ ಬೇರ್ಪಡಿಸಿದರು. ಪಾಲನೆಯ ಅರ್ಥ ಹೊಸದಾಗಿ ಅಂಟಿಕೊಂಡದ್ದಲ್ಲ ಎಂಬುದಕ್ಕೆ ಇಷ್ಟು ಸಾಕು.

ನಾಮಪದದಲ್ಲಿ ದಾರಿ ಕವಲೊಡೆಯುತ್ತದೆ

ನಮ್ಮ ಅಭ್ಯರ್ಥಿಗಳು ಹೆಚ್ಚು ಎಡವುವುದು ಇಲ್ಲಿ. ವಿಶೇಷಣ ಒಂದೇ ಆದರೂ ನಾಮಪದಗಳು ಎರಡು. ನೋಡುವ, ಗಮನಿಸುವ ಅರ್ಥಕ್ಕೆ ‘ಅಬ್ಸರ್ವೇಶನ್’. ಪಾಲಿಸುವ, ಆಚರಿಸುವ ಅರ್ಥಕ್ಕೆ ‘ಅಬ್ಸರ್ವನ್ಸ್’. ವಿಜ್ಞಾನದ ಪ್ರಯೋಗದಲ್ಲಿ ಬರೆದುಕೊಳ್ಳುವುದು ‘ಅಬ್ಸರ್ವೇಶನ್’, ರಂಜಾನಿನ ಉಪವಾಸವನ್ನೋ ಏಕಾದಶಿಯನ್ನೋ ನಡೆಸುವುದು ‘ಅಬ್ಸರ್ವನ್ಸ್’. ‘ದ ಅಬ್ಸರ್ವೇಶನ್ ಆಫ್ ಟ್ರಾಫಿಕ್ ರೂಲ್ಸ್’ ಎಂದು ಬರೆದರೆ ಸಂಚಾರ ನಿಯಮಗಳನ್ನು ಯಾರೋ ದೂರದಿಂದ ನಿಂತು ನೋಡುತ್ತಿದ್ದಾರೆ ಎಂಬಂತಾಗುತ್ತದೆ. ಅಲ್ಲಿ ಬೇಕಾದದ್ದು ‘ಅಬ್ಸರ್ವನ್ಸ್’. ಅದೇ ರೀತಿ ವೈದ್ಯರ ನಿಗಾದಲ್ಲಿ ಇಟ್ಟ ರೋಗಿಯನ್ನು ‘ಅಂಡರ್ ಅಬ್ಸರ್ವೇಶನ್’ ಎನ್ನಬೇಕೇ ಹೊರತು ಇನ್ನೊಂದನ್ನು ಅಲ್ಲಿ ಬಳಸುವಂತಿಲ್ಲ. ಕಾನೂನಿನ ಸಂಘರ್ಷಕ್ಕೆ ಒಳಗಾದ ಮಕ್ಕಳನ್ನು ವಿಚಾರಣೆಯ ಅವಧಿಯಲ್ಲಿ ಇರಿಸುವ ‘ಅಬ್ಸರ್ವೇಶನ್ ಹೋಮ್’, ಚುನಾವಣೆಯ ಹೊತ್ತಿಗೆ ಜಿಲ್ಲೆಗೆ ಬರುವ ‘ಅಬ್ಸರ್ವರ್’ ಇವೆರಡೂ ನೋಟದ ಕಡೆಯ ಪದಗಳೇ.

ಕ್ರಿಯಾಪದಕ್ಕೆ ಮೂರನೆಯ ಅರ್ಥವೊಂದಿದೆ: ಅಭಿಪ್ರಾಯವನ್ನು ಮಾತಿನಲ್ಲಿ ಹೇಳುವುದು. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ, ಅಂದರೆ 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಪೀಠದ, ಆದೇಶಗಳ ಬಗ್ಗೆ ಇಂಗ್ಲಿಷ್ ಪತ್ರಿಕೆ ವರದಿ ಮಾಡುವಾಗ ‘ದ ಬೆಂಚ್ ಅಬ್ಸರ್ವ್ಡ್ ದ್ಯಾಟ್’ ಎಂದು ಬರೆದರೆ, ಪೀಠವು ಏನನ್ನೋ ಕಣ್ಣಾರೆ ಕಂಡಿತು ಎಂದಲ್ಲ, ಹೀಗೆ ಅಭಿಪ್ರಾಯಪಟ್ಟಿತು ಎಂದು ತಿಳಿಯಬೇಕು. ನಮ್ಮ ಪತ್ರಿಕೆಗಳಲ್ಲಿ ಬರುವ ‘ಪೀಠ ಗಮನಿಸಿತು’ ಎಂಬ ಅನುವಾದ ಹಲವು ಸಲ ಈ ಗೊಂದಲದ ಫಲ. ಈ ಮೂರನೆಯ ಅರ್ಥ ವಿಶೇಷಣದವರೆಗೆ ಬರುವುದಿಲ್ಲ. ಒಳ್ಳೆಯ ಮಾತುಗಾರರನ್ನು ‘ಅಬ್ಸರ್ವಂಟ್’ ಎನ್ನಲಾಗದು.

‘ಅಬ್ಸರ್ವೇಶನ್ ಪವರ್’ ಎಂಬ ಮಾತು ನಮ್ಮಲ್ಲಿ ಎಷ್ಟು ಬಳಕೆಯಲ್ಲಿದೆಯೆಂದರೆ, ಇಂಗ್ಲಿಷ್ ಬಾರದವರೂ ‘ಅವನ ಅಬ್ಸರ್ವೇಶನ್ ಪವರ್ ಚಲೋ ಐತಿ’ ಎನ್ನುತ್ತಾರೆ. ಮಾತಿನಲ್ಲಿ ಅದು ನಡೆಯಲಿ. ಪರೀಕ್ಷೆಯ ಬರವಣಿಗೆಯಲ್ಲಿ ‘ಪವರ್ಸ್ ಆಫ್ ಅಬ್ಸರ್ವೇಶನ್’ ಎಂಬುದು ಒಪ್ಪಿತವಾದ ರೂಪ. ಇಲ್ಲವೇ ನಾಮಪದವನ್ನೇ ಬಿಟ್ಟು ‘ಹಿ ಈಸ್ ಅಬ್ಸರ್ವಂಟ್’ ಎಂದು ಮೂರು ಪದಗಳಲ್ಲಿ ಮುಗಿಸಬಹುದು. ‘ಹಿ ಹ್ಯಾಸ್ ಅಬ್ಸರ್ವಂಟ್ ಪವರ್’, ‘ಶೀ ಈಸ್ ಗುಡ್ ಅಬ್ಸರ್ವೇಶನ್’, ‘ಹಿ ಈಸ್ ಹ್ಯಾವಿಂಗ್ ಅಬ್ಸರ್ವಂಟ್’ ಎಂಬ ಮೂರೂ ತಪ್ಪು. ಕನ್ನಡದಲ್ಲಿ ‘ಅವನಿಗೆ ಗಮನಶಕ್ತಿ ಇದೆ’ ಎಂದು ಯೋಚಿಸಿ, ‘ಇದೆ’ ಎಂಬುದಕ್ಕೆ ‘ಹ್ಯಾಸ್’ ಹಾಕಿ, ಉಳಿದ ಜಾಗಕ್ಕೆ ಸಿಕ್ಕ ಪದವನ್ನು ತುಂಬಿದಾಗ ಇಂಥ ವಾಕ್ಯಗಳು ಹುಟ್ಟುತ್ತವೆ. ವಿಶೇಷಣ ಬಂದಲ್ಲಿ ‘ಈಸ್’, ‘ಆರ್’, ‘ವಾಸ್’, ‘ಬಿಕೇಮ್’, ‘ಸೀಮ್ಸ್’ ಇಂಥ ಕ್ರಿಯಾಪದಗಳು ಬರುತ್ತವೆ, ‘ಹ್ಯಾಸ್’ ನೇರವಾಗಿ ಬರುವುದಿಲ್ಲ.

ವಾಕ್ಯದಲ್ಲಿ ಎಲ್ಲಿಡಬೇಕು, ಜೊತೆಗೆ ಏನು ಬರಬೇಕು

ನಾಮಪದದ ಹಿಂದೆ ಬಂದಾಗ ‘ಆ್ಯನ್ ಅಬ್ಸರ್ವಂಟ್ ಚೈಲ್ಡ್’, ‘ಆ್ಯನ್ ಅಬ್ಸರ್ವಂಟ್ ಪ್ಯಾಸೆಂಜರ್’ ಎಂದಾಗುತ್ತದೆ. ಪದ ಸ್ವರದಿಂದ ಆರಂಭವಾಗುವುದರಿಂದ ‘ಆ್ಯನ್’ ಬೇಕು. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ವಾರಸುದಾರರಿಲ್ಲದ ಚೀಲವೊಂದು ಬಿದ್ದಿದ್ದು, ಅದನ್ನು ಒಬ್ಬರು ಕಂಡು ಪೊಲೀಸರಿಗೆ ತಿಳಿಸಿದರು ಎಂದು ಊಹಿಸಿಕೊಂಡು ಸುದ್ದಿ ಬರೆಯಿರಿ: ‘ಆ್ಯನ್ ಅಬ್ಸರ್ವಂಟ್ ಪ್ಯಾಸೆಂಜರ್ ನೋಟಿಸ್ಡ್ ದ ಬ್ಯಾಗ್’. ಇಲ್ಲಿ ‘ನೋಟಿಸ್ಡ್’ ಎಂಬ ಕ್ರಿಯಾಪದವನ್ನು ಗಮನಿಸಬೇಕು. ‘ನೋಟಿಸ್’, ‘ಸ್ಪಾಟ್’, ‘ಸೀ’ ಎಂಬ ಕ್ರಿಯಾಪದಗಳು ಈ ವಿಶೇಷಣದ ಹಿಂದೆಮುಂದೆ ಸಹಜವಾಗಿ ಬರುತ್ತವೆ, ಏಕೆಂದರೆ ಗುಣವನ್ನು ಹೇಳಿದ ಮೇಲೆ ಅದರ ಫಲವಾಗಿ ಕಂಡದ್ದನ್ನೂ ಹೇಳುವುದು ವಾಡಿಕೆ.

ಇದೇ ಮಾದರಿಯಲ್ಲಿ ಪ್ರವಾಸದ ಬರಹಗಳಲ್ಲಿ ಬರುವ ಒಂದು ಕಟ್ಟು ಕಲಿಯಲು ಯೋಗ್ಯವಾದದ್ದು: ‘ಆ್ಯನ್ ಅಬ್ಸರ್ವಂಟ್ ವಿಸಿಟರ್ ವಿಲ್ ನೋಟಿಸ್ ದ್ಯಾಟ್’. ಗದಗದ ಹತ್ತಿರದ ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಗೆ ಹೋದವರೆಲ್ಲರೂ ಬಾಗಿಲುವಾಡದ ಕೆತ್ತನೆಯನ್ನು ನೋಡುತ್ತಾರೆ. ಅಲ್ಲಿ ಗರ್ಭಗುಡಿಗಳು ಎರಡಿದ್ದು ಒಂದಕ್ಕೊಂದು ಎದುರಾಗಿವೆ, ಶಿವನ ಗುಡಿಗೆ ಎದುರಾಗಿರುವುದು ಸೂರ್ಯನ ಚಿಕ್ಕ ಗುಡಿ ಎಂಬುದು ಎಲ್ಲರ ಗಮನಕ್ಕೆ ಬರುವುದಿಲ್ಲ. ಅದನ್ನು ಕಂಡುಕೊಂಡವರು ‘ಅಬ್ಸರ್ವಂಟ್’. ಬರೆಯುವವರು ಈ ಕಟ್ಟನ್ನು ಬಳಸುವಾಗ, ಮುಂದೆ ಹೇಳುವ ವಿವರ ನಿಜವಾಗಿಯೂ ಸುಲಭವಾಗಿ ಕಣ್ಣಿಗೆ ಬೀಳದಂಥದ್ದಾಗಿರಬೇಕು. ‘ಗುಡಿ ಕಲ್ಲಿನದೆಂದು ಸೂಕ್ಷ್ಮಮತಿಯ ಪ್ರವಾಸಿಗರು ಗಮನಿಸುವರು’ ಎಂದರೆ ಓದುಗರು ನಗುತ್ತಾರೆ.

ನಗುವಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ‘ಹೌ ಅಬ್ಸರ್ವಂಟ್ ಆಫ್ ಯೂ!’ ಎಂಬುದು ಮೆಚ್ಚುಗೆಯೂ ಆಗಬಹುದು, ಕುಹಕವೂ ಆಗಬಹುದು. ಎಲ್ಲರಿಗೂ ಕಾಣುವುದನ್ನು ದೊಡ್ಡದಾಗಿ ಹೇಳಿದವರಿಗೆ ಈ ಮಾತು ಸಿಕ್ಕರೆ ಅದನ್ನು ‘ಭಾಳ ಶಾಣ್ಯಾ ಅದೀಪಾ’ ಎಂಬುದರ ಧಾಟಿಯಲ್ಲಿ ತೆಗೆದುಕೊಳ್ಳಬೇಕು. ಮೇಲಧಿಕಾರಿಗಳಿಗೆ ಬರೆಯುವ ಪತ್ರದಲ್ಲಿ ಈ ಉದ್ಗಾರವನ್ನು ಬಳಸದಿರುವುದು ಕ್ಷೇಮ.

ಮುಂದೆ ಬರುವ ಉಪಸರ್ಗ ‘ಆಫ್’. ‘ಅಬ್ಸರ್ವಂಟ್ ಆಫ್ ಡೀಟೇಲ್ಸ್’ ಎಂದರೆ ವಿವರಗಳನ್ನು ಗಮನಿಸುವ, ‘ಅಬ್ಸರ್ವಂಟ್ ಆಫ್ ದ ರೂಲ್ಸ್’ ಎಂದರೆ ನಿಯಮಗಳನ್ನು ಪಾಲಿಸುವ. ಹೀಗೆ ಉಪಸರ್ಗ ಒಂದೇ ಆಗಿದ್ದು, ಯಾವ ಅರ್ಥ ಎಂಬುದನ್ನು ಅದರ ಮುಂದಿನ ನಾಮಪದ ನಿರ್ಧರಿಸುತ್ತದೆ. ನೋಡುವ ಅರ್ಥದಲ್ಲಿ ಮಾತಿನಲ್ಲಿ ‘ಅಬೌಟ್’ ಕೂಡ ಕೇಳಿಬರುತ್ತದೆ, ಬರಹದಲ್ಲಿ ‘ಆಫ್’ ಹೆಚ್ಚು ಗಟ್ಟಿ. ‘ಟು’, ‘ಆನ್’, ‘ಓವರ್’ ಹೊಂದುವುದಿಲ್ಲ. ‘ಅಬ್ಸರ್ವಂಟ್ ದ ರೂಲ್ಸ್’ ಎಂದು ಉಪಸರ್ಗವಿಲ್ಲದೆ ಬರೆಯುವುದಂತೂ ವಿಶೇಷಣವನ್ನು ಕ್ರಿಯಾಪದವೆಂದು ತಿಳಿದದ್ದರ ಗುರುತು. ತಾರತಮ್ಯ ಹೇಳುವಾಗ ‘ಮೋರ್ ಅಬ್ಸರ್ವಂಟ್’, ‘ಮೋಸ್ಟ್ ಅಬ್ಸರ್ವಂಟ್’. ಒತ್ತು ಕೊಡುವಾಗ ‘ವೆರಿ’, ‘ಹೈಲಿ’, ‘ಕೀನ್ಲಿ’. ‘ಅಬ್ಸರ್ವಂಟ್ಲಿ’ ಎಂಬ ಕ್ರಿಯಾವಿಶೇಷಣ ನಿಘಂಟಿನಲ್ಲಿದ್ದರೂ ಬರಹದಲ್ಲಿ ಬಲು ಅಪರೂಪ.

ಯಾವುದಕ್ಕೆ ಈ ವಿಶೇಷಣ ಹೊಂದುತ್ತದೆ ಎಂಬುದೂ ಮುಖ್ಯ. ಮನುಷ್ಯರಿಗೆ, ಅವರ ಕಣ್ಣಿಗೆ, ಅವರು ಬರೆದ ಪ್ರಬಂಧಕ್ಕೆ ಅಥವಾ ಆಡಿದ ಮಾತಿಗೆ ಇದು ಸಲ್ಲುತ್ತದೆ. ವೃತ್ತದಲ್ಲಿ ಕಟ್ಟಿದ ಸಿಸಿಟಿವಿ ಕ್ಯಾಮೆರಾಕ್ಕೆ ಸಲ್ಲುವುದಿಲ್ಲ, ಏಕೆಂದರೆ ಕ್ಯಾಮೆರಾ ಎಲ್ಲವನ್ನೂ ದಾಖಲಿಸುತ್ತದೆಯೇ ಹೊರತು ಯಾವುದನ್ನೂ ಗಮನಿಸುವುದಿಲ್ಲ. ಕಾಣಿಸಿಕೊಳ್ಳುವ ವಸ್ತುವಿಗೆ ‘ಅಬ್ಸರ್ವಬಲ್’ ಎಂಬ ಬೇರೆ ವಿಶೇಷಣವಿದೆ, ನೋಟವನ್ನು ಆಧರಿಸಿದ ಅಧ್ಯಯನಕ್ಕೆ ‘ಅಬ್ಸರ್ವೇಶನಲ್’ ಎಂಬುದಿದೆ. ಗ್ರಹಣ ‘ಅಬ್ಸರ್ವಬಲ್’, ಅದರ ಅಧ್ಯಯನ ‘ಅಬ್ಸರ್ವೇಶನಲ್’, ಅದರಲ್ಲಿ ಹೊಸದನ್ನು ಕಂಡ ವಿದ್ಯಾರ್ಥಿನಿ ‘ಅಬ್ಸರ್ವಂಟ್’.

ನೆರೆಯ ಪದಗಳೊಡನೆ ಇಟ್ಟು ನೋಡುವುದು

ಪರೀಕ್ಷೆಯ ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿರುವ ಪದಗಳನ್ನು ಬೇರ್ಪಡಿಸಲು ಒಂದೇ ಸ್ಥಳವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಎಲ್ಲವನ್ನೂ ಅಲ್ಲಿಯೇ ಬಳಸಿ ನೋಡುವುದು ಒಳ್ಳೆಯ ಅಭ್ಯಾಸ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನು ತೆಗೆದುಕೊಳ್ಳೋಣ. ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ 2024ರಲ್ಲಿ ಸೇರಿದ ಈ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಗುಂಪುಗುಂಪಾಗಿ ಬರುತ್ತವೆ. ದಂಡೆಯಲ್ಲಿ ನಿಂತವರಲ್ಲಿ ಒಬ್ಬರು, ಬಿಳಿಯ ತಲೆಯ ಹಿಂಭಾಗದಲ್ಲಿ ಕಪ್ಪು ಪಟ್ಟೆಗಳು ಎರಡಿವೆ, ಮರಿಗಳಲ್ಲಿ ಅವು ಇಷ್ಟು ಸ್ಪಷ್ಟವಾಗಿಲ್ಲ ಎಂದು ಕಂಡುಕೊಂಡರೆ ಅವರು ‘ಅಬ್ಸರ್ವಂಟ್’. ನಾಯಿಯೊಂದು ಹತ್ತಿರ ಬರುತ್ತಲೇ ಗುಂಪಿನ ಕೆಲವು ಹಕ್ಕಿಗಳು ಒಟ್ಟಿಗೇ ತಲೆಯೆತ್ತಿ ನೋಡಿದವು ಎಂದರೆ, ಆ ಹಕ್ಕಿಗಳು ‘ಅಲರ್ಟ್’. ಉಳಿದವು ಮೇಯುವಾಗ ಅವು ಮೊದಲಿನಿಂದಲೂ ಅಪಾಯದ ಕಡೆ ಕಣ್ಣಿಟ್ಟು ನಿಂತಿದ್ದವು ಎಂದು ಹೇಳಬೇಕಾದರೆ ‘ವಾಚ್‌ಫುಲ್’. ಅಲ್ಲಿ ವಿವರಿಸುತ್ತಿರುವ ಅರಣ್ಯ ಸಿಬ್ಬಂದಿಯ ಮಾತನ್ನು ಮಧ್ಯೆ ಮೊಬೈಲ್ ನೋಡದೆ ಕೇಳುವ ಶಾಲೆಯ ಮಕ್ಕಳು ‘ಅಟೆಂಟಿವ್’. ಈ ಸಲ ಹಕ್ಕಿಗಳು ಕೆರೆಯ ಒಂದು ಮಗ್ಗುಲನ್ನು ಬಿಟ್ಟಿರುವುದನ್ನು ಕಂಡು, ಅದು ಆ ಬದಿಯಲ್ಲಿ ಜನರ ಓಡಾಟ ಹೆಚ್ಚಾದದ್ದರಿಂದ ಇರಬೇಕು ಎಂದು ಕಾರಣವನ್ನು ಊಹಿಸಿದವರು ‘ಪರ್ಸೆಪ್ಟಿವ್’.

ಇಲ್ಲಿ ಹೆಚ್ಚು ಬೆಲೆಯುಳ್ಳ ವ್ಯತ್ಯಾಸ ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಇರುವುದು. ‘ಅಬ್ಸರ್ವಂಟ್’ ಆದವರಿಗೆ ಸಂಗತಿ ಕಾಣುತ್ತದೆ, ‘ಪರ್ಸೆಪ್ಟಿವ್’ ಆದವರಿಗೆ ಸಂಗತಿಯ ಹಿಂದಿನದು ತಿಳಿಯುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲದೊಳಗೆ ಕೈಹಾಕಿ ಬಣ್ಣ, ಸುಕ್ಕು, ತೊಟ್ಟು ನೋಡಿ ಇದು ಕಡ್ಡಿ, ಇದು ಡಬ್ಬಿ, ಇದರಲ್ಲಿ ಬೇರೆ ಜಾತಿಯದು ಬೆರೆತಿದೆ ಎಂದು ಗುರುತಿಸುವ ಖರೀದಿದಾರರು ‘ಅಬ್ಸರ್ವಂಟ್’ ಎನ್ನಿಸಿಕೊಳ್ಳುತ್ತಾರೆ. ಎದುರಿಗಿರುವ ರೈತರು ಸಾಲದ ಒತ್ತಡದಿಂದ ಇವತ್ತೇ ಮಾರಲು ಅವಸರಪಡುತ್ತಿದ್ದಾರೆ ಎಂದು ಅವರ ಮುಖದಿಂದಲೇ ತಿಳಿದವರು ‘ಪರ್ಸೆಪ್ಟಿವ್’. ತಿಳಿದ ಮೇಲೆ ಏನು ಮಾಡುತ್ತಾರೆಂಬುದು ವ್ಯಾಕರಣದ ವಿಷಯವಲ್ಲ.

‘ವಿಜಿಲಂಟ್’ ಎಂಬುದು ‘ವಾಚ್‌ಫುಲ್’ನ ಗಂಭೀರ ರೂಪ, ಅಪಾಯವನ್ನೋ ವಂಚನೆಯನ್ನೋ ನಿರೀಕ್ಷಿಸಿ ಬಹುಕಾಲ ಎಚ್ಚರವಾಗಿರುವುದಕ್ಕೆ ಅದನ್ನು ಬಳಸುತ್ತಾರೆ. ಸರ್ದಾರ್ ಪಟೇಲರ ಜನ್ಮದಿನವಾದ ಅಕ್ಟೋಬರ್ 31 ಬರುವ ವಾರದಲ್ಲಿ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ‘ವಿಜಿಲೆನ್ಸ್ ಅವೇರ್‌ನೆಸ್ ವೀಕ್’ ನಡೆಯುತ್ತದೆ. ಹುಬ್ಬಳ್ಳಿಯಲ್ಲಿ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿಯೇ ಇರುವುದರಿಂದ ನಮ್ಮವರಿಗೆ ಇದು ಹೊಸ ಪದವಲ್ಲ. ಭ್ರಷ್ಟಾಚಾರದ ವಿರುದ್ಧದ ಆ ಸಪ್ತಾಹದ ಹೆಸರಿನಲ್ಲಿ ‘ಅಬ್ಸರ್ವೇಶನ್’ ಎಂದಿಟ್ಟಿದ್ದರೆ ಅರ್ಥವೇ ಕೆಡುತ್ತಿತ್ತು. ಕನ್ನಡದ ‘ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು’ ಎಂಬ ನುಡಿಗಟ್ಟು ‘ವಿಜಿಲಂಟ್’ಗೆ ಸೇರಿದ್ದು. ‘ಅಬ್ಸರ್ವಂಟ್’ ಆದವರು ಕಣ್ಣಿಗೆ ಎಣ್ಣೆ ಬಿಟ್ಟುಕೊಳ್ಳುವುದಿಲ್ಲ. ಅವರಿಗೆ ಅಪಾಯದ ಭಯ ಇರಬೇಕಾಗಿಯೂ ಇಲ್ಲ, ಕಾಣುವುದು ಅವರ ರೂಢಿ.

ಪೊಲೀಸ್ ಹುದ್ದೆಗಳ ಸಂದರ್ಶನಕ್ಕೆ ಸಿದ್ಧರಾಗುವವರು ಈ ಎರಡನ್ನೂ ಬೇರೆಬೇರೆಯಾಗಿ ಬಳಸಲು ಕಲಿಯಬೇಕು. ರಾತ್ರಿ ಗಸ್ತಿನಲ್ಲಿ ಇರಬೇಕಾದದ್ದು ‘ವಿಜಿಲೆನ್ಸ್’. ಕಳ್ಳತನವಾದ ಮನೆಗೆ ಹೋದಾಗ ಬೀಗ ಒಡೆದಿಲ್ಲ, ಕಿಟಕಿಯ ಮೇಲಿನ ಧೂಳು ಕದಡಿಲ್ಲ ಎಂದು ಕಾಣುವುದಕ್ಕೆ ಬೇಕಾದದ್ದು ‘ಅಬ್ಸರ್ವಂಟ್’ ಆಗಿರುವುದು.

ನೇಮನಿಷ್ಠೆಯ ಅರ್ಥ

ಎರಡನೆಯ ಅರ್ಥದಲ್ಲಿ ಈ ವಿಶೇಷಣವು ಧರ್ಮದ ಹೆಸರಿನ ಹಿಂದೆ ನಿಲ್ಲುವುದು ಸಾಮಾನ್ಯ: ‘ಆ್ಯನ್ ಅಬ್ಸರ್ವಂಟ್ ಜ್ಯೂ’, ‘ಆ್ಯನ್ ಅಬ್ಸರ್ವಂಟ್ ಮುಸ್ಲಿಂ’. ಯಹೂದಿಯರ ಬಗ್ಗೆ ಬರೆಯುವಾಗ ಶನಿವಾರದ ಸಬ್ಬತ್ ದಿನದ ವಿರಾಮ ಮತ್ತು ಆಹಾರದ ನಿಯಮಗಳನ್ನು ಪಾಲಿಸುವವರೆಂದು ಇದರ ಅರ್ಥ. ನಮ್ಮ ಕಡೆ ಸೂರ್ಯಾಸ್ತದ ನಂತರ ಊಟ ಮಾಡದ ಜೈನರನ್ನು, ಐದು ಹೊತ್ತಿನ ನಮಾಜು ತಪ್ಪಿಸದ ಮುಸ್ಲಿಮರನ್ನು, ಇಷ್ಟಲಿಂಗ ಪೂಜೆಯಾಗದೆ ಬಾಯಿಗೆ ನೀರು ಹಾಕದ ಲಿಂಗಾಯತ ಹಿರಿಯರನ್ನು ಕುರಿತು ಇಂಗ್ಲಿಷಿನಲ್ಲಿ ಬರೆಯುವವರು ಇದೇ ವಿಶೇಷಣವನ್ನು ಬಳಸಬಹುದು.

ಇದರ ನೆರೆಯಲ್ಲಿ ‘ಡಿವೌಟ್’ ಮತ್ತು ‘ಆರ್ಥೊಡಾಕ್ಸ್’ ಎಂಬ ಪದಗಳಿವೆ. ‘ಡಿವೌಟ್’ ಎಂದರೆ ಒಳಗಿನ ಭಕ್ತಿ. ‘ಅಬ್ಸರ್ವಂಟ್’ ಎಂದರೆ ಹೊರಗೆ ಕಾಣುವ ನಡತೆ. ಭಕ್ತಿಯಿದ್ದು ನೇಮ ಹಿಡಿಯದವರೂ, ನೇಮ ಬಿಡದೆ ಭಕ್ತಿಯ ವಿಷಯದಲ್ಲಿ ಮೌನವಾಗಿರುವವರೂ ಇರುವುದರಿಂದ ಇಂಗ್ಲಿಷಿನಲ್ಲಿ ಈ ಭೇದ ಉಪಯೋಗಕ್ಕೆ ಬರುತ್ತದೆ. ‘ಆರ್ಥೊಡಾಕ್ಸ್’ ಎಂಬುದನ್ನು ವಧೂವರರ ಜಾಹೀರಾತುಗಳಲ್ಲಿ ‘ಮಡಿವಂತ ಮನೆತನ’ ಎಂಬ ಅರ್ಥದಲ್ಲಿ ಧಾರಾಳವಾಗಿ ಬಳಸುತ್ತಾರೆ. ಅದರಲ್ಲಿ ಹಳೆಯ ನಂಬಿಕೆಯನ್ನು ಬದಲಿಸಲು ಒಪ್ಪದ ಧೋರಣೆಯ ಛಾಯೆಯಿದೆ. ‘ಅಬ್ಸರ್ವಂಟ್’ನಲ್ಲಿ ಆ ಛಾಯೆಯಿಲ್ಲ, ಹೊಗಳಿಕೆಯೂ ತೆಗಳಿಕೆಯೂ ಇಲ್ಲದ ಪದವದು, ಆದುದರಿಂದ ಬೇರೆ ಸಮುದಾಯದವರ ಬಗ್ಗೆ ಬರೆಯುವಾಗ ನಾನು ಇದನ್ನೇ ಆರಿಸುತ್ತೇನೆ.

ನಿಷೇಧ ರೂಪದಲ್ಲಿ ಎರಡು ಅರ್ಥಗಳು ಮತ್ತೆ ಬೇರೆಯಾಗುತ್ತವೆ. ಕಣ್ಣಿಗೆ ಏನೂ ಬೀಳದವರು ‘ಅನ್‌ಅಬ್ಸರ್ವಂಟ್’. ಧರ್ಮದ ನೇಮ ಪಾಲಿಸದವರು ಹೆಚ್ಚಾಗಿ ‘ನಾನ್-ಅಬ್ಸರ್ವಂಟ್’. ವಿರುದ್ಧಾರ್ಥಕ ಪದ ಕೇಳಿದಾಗ ‘ಇನ್‌ಅಟೆಂಟಿವ್’, ‘ಅಬ್ಲಿವಿಯಸ್’, ‘ಹೀಡ್‌ಲೆಸ್’ ಆಯ್ಕೆಗಳಲ್ಲಿ ಕಾಣಿಸಿಕೊಳ್ಳಬಹುದು. ‘ಬ್ಲೈಂಡ್’ ಎಂಬುದನ್ನು ಗುರುತಿಸಬಾರದು, ಅದು ದೃಷ್ಟಿಯ ಮಾತು, ಗಮನದ ಮಾತಲ್ಲ. ಕಣ್ಣು ಕಾಣದವರೂ ದನಿಯಿಂದ, ಹೆಜ್ಜೆಯ ಸಪ್ಪಳದಿಂದ ಬಹಳಷ್ಟನ್ನು ಗುರುತಿಸಬಲ್ಲರು, ಅವರನ್ನು ‘ಅಬ್ಸರ್ವಂಟ್’ ಎಂದು ಕರೆಯಲು ಇಂಗ್ಲಿಷಿನಲ್ಲಿ ಅಡ್ಡಿಯಿಲ್ಲ.

ಪತ್ರಿಕಾ ಪ್ರಕಟಣೆ ಬರೆಯುವ ಶಿಕ್ಷಕರಿಗೂ ಸಿಬ್ಬಂದಿಗೂ ಒಂದು ಮಾತು: ಕ್ರಿಯಾಪದವನ್ನು ದಿನಾಚರಣೆಗೆ ಬಳಸುವಾಗ ಸಂಭ್ರಮ ಯಾವುದು, ಗಂಭೀರ ಆಚರಣೆ ಯಾವುದು ಎಂದು ನೋಡಬೇಕು. ನವೆಂಬರ್ 1ರ ರಾಜ್ಯೋತ್ಸವ ‘ಸೆಲೆಬ್ರೇಟೆಡ್’, ಜನವರಿ 30ರ ಹುತಾತ್ಮರ ದಿನ ‘ಅಬ್ಸರ್ವ್ಡ್’. ಎರಡು ನಿಮಿಷದ ಮೌನವೂ ‘ಅಬ್ಸರ್ವ್ಡ್’.

ಉಚ್ಚಾರ ಮತ್ತು ಕಾಗುಣಿತ

ಬರಹದಲ್ಲಿ ‘ಎಸ್’ ಇದ್ದರೂ ಉಚ್ಚಾರದಲ್ಲಿ ಅದು ಸಕಾರವಲ್ಲ. ‘ಜ಼ಿಂದಗಿ’, ‘ನಮಾಜ಼್’ ಎಂದು ಉರ್ದು ಬಲ್ಲವರು ಹೇಳುವಾಗ ಕೇಳುವ ಜ಼ಕಾರ. ಹುಬ್ಬಳ್ಳಿ-ಧಾರವಾಡದಲ್ಲಿ ಬೆಳೆದವರ ಕಿವಿಗೆ ಈ ಧ್ವನಿ ಹೊಸದಲ್ಲವಾದ್ದರಿಂದ ಕಲಿಯುವುದು ಕಷ್ಟವಾಗದು: ‘ಅಬ್‌ಜ಼ರ್ವಂಟ್’, ಒತ್ತು ಎರಡನೆಯ ಭಾಗವಾದ ‘ಜ಼ರ್’ ಮೇಲೆ. ‘ರಿಸರ್ವ್’, ‘ಪ್ರಿಸರ್ವ್’, ‘ಡಿಸರ್ವ್’ ಪದಗಳಲ್ಲಿಯೂ ಇದೇ ಜ಼ಕಾರ. ‘ಕನ್ಸರ್ವ್’ ಎಂಬಲ್ಲಿ ಮಾತ್ರ ಸಕಾರ ಉಳಿದಿದೆ. ಕಾಗುಣಿತದಲ್ಲಿ ಕೊನೆಗೆ ಬರುವುದು ಎ, ಎನ್, ಟಿ. ‘ಸರ್ವೆಂಟ್’ ಎಂದು ನಾವು ಹೇಳುವ ಪದದ ಕೊನೆಯೂ ಇದೇ ಅಕ್ಷರಗಳು.

ತಮ್ಮ ಬಗ್ಗೆ ತಾವೇ ಬರೆಯುವಾಗ

ಬಯೊಡೇಟಾದ ‘ಸ್ಟ್ರೆಂಗ್ತ್ಸ್’ ಎಂಬ ಶೀರ್ಷಿಕೆಯ ಕೆಳಗೆ ‘ಅಬ್ಸರ್ವಂಟ್’ ಎಂದು ಒಂಟಿಯಾಗಿ ಬರೆಯುವ ರೂಢಿ ಹೆಚ್ಚಾಗಿದೆ. ಈ ಗುಣವನ್ನು ಇನ್ನೊಬ್ಬರು ನಮ್ಮಲ್ಲಿ ಕಂಡು ಹೇಳಿದಾಗ ಅದಕ್ಕೆ ತೂಕ, ನಾವೇ ಹೇಳಿಕೊಂಡರೆ ಕೇಳುವವರು ಪುರಾವೆ ಕೇಳುತ್ತಾರೆ. ಶಿಫಾರಸು ಪತ್ರ ಬರೆಯುವ ಪ್ರಾಧ್ಯಾಪಕರು ‘ಶೀ ಈಸ್ ಆ್ಯನ್ ಅಬ್ಸರ್ವಂಟ್ ಸ್ಟೂಡೆಂಟ್’ ಎಂದ ಕೂಡಲೇ, ಆಕೆ ಪ್ರಯೋಗಾಲಯದಲ್ಲಿ ಏನನ್ನು ಗಮನಿಸಿದಳು ಎಂಬ ಒಂದು ವಾಕ್ಯವನ್ನು ಸೇರಿಸಿದರೆ ಪತ್ರ ಗಟ್ಟಿಯಾಗುತ್ತದೆ.

ಸಂದರ್ಶನದಲ್ಲಿ ಅಭ್ಯರ್ಥಿಯೇ ಹೇಳಬೇಕಾಗಿ ಬಂದರೆ ವಿಶೇಷಣವನ್ನು ಬದಿಗಿಟ್ಟು ‘ಐ ನೋಟಿಸ್ಡ್ ದ್ಯಾಟ್’ ಎಂದು ಆರಂಭಿಸಿ, ಕಂಡದ್ದನ್ನೂ ಅದರಿಂದ ಮಾಡಿದ್ದನ್ನೂ ಹೇಳುವುದು ಉತ್ತಮ. ಉದಾಹರಣೆಗೆ, ಗ್ರಾಮ ಪಂಚಾಯಿತಿಯಲ್ಲಿ ತಾತ್ಕಾಲಿಕವಾಗಿ ಕೆಲಸ ಮಾಡಿದವರು, ನೀರಿನ ಬಿಲ್ಲಿನ ವಹಿಯಲ್ಲಿ ಒಂದೇ ಮನೆಯ ಸಂಖ್ಯೆ ಎರಡು ಕಡೆ ನಮೂದಾದದ್ದನ್ನು ಕಂಡು ಕಾರ್ಯದರ್ಶಿಗಳ ಗಮನಕ್ಕೆ ತಂದೆ ಎಂದು ಹೇಳಬಹುದು. ಆಗ ‘ಅಬ್ಸರ್ವಂಟ್’ ಎಂಬ ಪದ ಸಂದರ್ಶಕರ ಟಿಪ್ಪಣಿಯಲ್ಲಿ ಬರುತ್ತದೆ, ಅಭ್ಯರ್ಥಿಯ ಬಾಯಲ್ಲಿ ಬರಬೇಕಾಗಿಲ್ಲ.